ನನ್ನದೊಂದು ಲೇಔಟ್

ಕೆಲಸ ಮಾಡುವುದಕ್ಕಿಂತ ಕೆಲಸಕ್ಕೆ ಅಣಿಯಾಗುವುದರಲ್ಲೇ ನನಗೆ ಹೆಚ್ಚು ಸುಖ. ಪರೀಕ್ಷೆಗೆ ಓದುವ ದಿನಗಳಲ್ಲೂ ಮೇಜು ಒರೆಸಿ, ಪುಸ್ತಕ ಜೋಡಿಸಿ, ಪೆನ್ಸಿಲು ಚೂಪು ಮಾಡುವಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು. ಇಂಥವನಿಗೆ ಹೊನ್ನಾವರದ ಒಂದು ಸಣ್ಣ ಆಫೀಸಿನಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತು. ಮೀನುಗಾರಿಕೆ ಬೋಟಿನ ಕಬ್ಬಿಣದ ಭಾಗಗಳು ಎಷ್ಟು ಭಾರ ತಡೆದಾವು ಎಂದು, ಅವನ್ನು ಮಾಡುವ ಮೊದಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು ನಮ್ಮ ಉದ್ಯೋಗ. ಆ ಸಾಫ್ಟ್‌ವೇರ್ ತೆರೆದರೆ ಪರದೆಯ ತುಂಬ ಕಿಟಕಿಗಳು. ಒಂದರಲ್ಲಿ ಬಣ್ಣಬಣ್ಣದ ಚಿತ್ರ, ಒಂದರಲ್ಲಿ ಗ್ರಾಫು, ಇನ್ನೊಂದರಲ್ಲಿ ನಮ್ಮ ತಪ್ಪು ಎತ್ತಿ ತೋರಿಸುವ ಎಚ್ಚರಿಕೆಗಳು. ಇವನ್ನು ಬೇಕಾದ ಹಾಗೆ ಜೋಡಿಸಿ, ಹೆಸರಿಟ್ಟು ಉಳಿಸಿಕೊಂಡರೆ ಮರುದಿನ ಹಾಗೆಯೇ ತೆರೆದುಕೊಳ್ಳುತ್ತವೆ. ಈ ಜೋಡಣೆಗೆ ಲೇಔಟ್ ಎನ್ನುತ್ತಾರೆ. ಒಳ್ಳೆಯದೊಂದು ಲೇಔಟ್ ಮಾಡಿದೆ ಎಂದು ನಾನು ಹೇಳಿದಾಗ ಕುಮಟೆಯ ನನ್ನ ಮಾವ, ಸೈಟು ಎಷ್ಟಿವೆ ಎಂದು ವಿಚಾರಿಸಿದರು. ಅಳಿಯನ ಮೇಲೆ ಅವರಿಗೆ ಆಗಷ್ಟೇ ಮೂಡಿದ್ದ ಗೌರವವನ್ನು ನಾನೇ ಬಾಯಿ ಬಿಟ್ಟು ಕೆಡಿಸಿಕೊಂಡೆ.

ಲೇಔಟು ಮಾತ್ರ ನಿಜಕ್ಕೂ ಚೆಂದವಿತ್ತು. ಚಿತ್ರ ದೊಡ್ಡದು, ಪಕ್ಕದಲ್ಲಿ ಗ್ರಾಫು. ಎಚ್ಚರಿಕೆಯ ಕಿಟಕಿಯನ್ನು ಮುಚ್ಚಿಯೇಬಿಟ್ಟಿದ್ದೆ. ಸದಾ ಕೊಂಕು ತೆಗೆಯುವವರನ್ನು ಎದುರಿಗೆ ಕೂರಿಸಿಕೊಂಡು ಯಾರು ಕೆಲಸ ಮಾಡುತ್ತಾರೆ? ಜೋಡಿಸಿ ಮುಗಿದಾಗ ಸಾಫ್ಟ್‌ವೇರ್ ಹೆಸರು ಕೇಳಿತು. ಕೆಲಸ ಮುಗಿದರೆ ನಮ್ಮ ಕಡೆಯವರ ಬಾಯಲ್ಲಿ ಬರುವ ಮಾತು ಒಂದೇ. ‘ಆತು’ ಎಂದು ಟೈಪಿಸಿದೆ. ಮಧ್ಯಾಹ್ನದ ಮೇಲೆ ಅದೇ ಕಂಪ್ಯೂಟರಿನಲ್ಲಿ ಕೂರುವ ಸಹೋದ್ಯೋಗಿ, ಭಟ್ಕಳದ ವೀಣಕ್ಕ, ತನ್ನ ಕಿಟಕಿಗಳನ್ನು ಜೋಡಿಸಿ ಅದೇ ಹೆಸರು ಕೊಟ್ಟಳು. ಈ ಹೆಸರು ಮೊದಲೇ ಇದೆ, ಹಳೆಯದನ್ನು ಅಳಿಸಲೇ ಎಂದು ಸಾಫ್ಟ್‌ವೇರ್ ಕೇಳಿದ್ದಕ್ಕೂ ‘ಆತು’ ಎಂದುಕೊಂಡೇ ಒತ್ತಿದಳಂತೆ.

ಮರುದಿನ ಬೆಳಿಗ್ಗೆ ತೆಂಗಿನಗುಂಡಿಯ ಬೋಟಿನ ಮಾಲೀಕ ಜಟ್ಟಪ್ಪಣ್ಣ ಬಂದರು. ಬಲೆ ಎಳೆಯುವ ವಿಂಚ್ ಯಂತ್ರಕ್ಕೆ ಅವರಿಗೆ ಹೊಸ ಸ್ಟ್ಯಾಂಡು ಬೇಕಿತ್ತು. ಹಳೆಯದು ಕಿತ್ತುಬಂದು ಅವರ ತಮ್ಮನ ಕಾಲ ಮೇಲೆ ಬಿದ್ದಿತ್ತು. ಹಿಂದಿನ ದಿನ ನಾನು ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದ ಪರೀಕ್ಷೆ ನೋಡಿ ಒಪ್ಪಿದರೆ ಅಂದೇ ವೆಲ್ಡಿಂಗ್ ಶುರು. ನಾನು ಗತ್ತಿನಿಂದ ‘ಆತು’ ತೆರೆದೆ. ಬಂದದ್ದು ವೀಣಕ್ಕನ ಜೋಡಣೆ. ನಟ್ಟನಡುವೆ, ಚಿತ್ರಕ್ಕಿಂತ ದೊಡ್ಡದಾಗಿ, ಎಚ್ಚರಿಕೆಯ ಕಿಟಕಿ. ಅದರಲ್ಲಿ ಕೆಂಪು ಅಕ್ಷರದ ಒಂದು ಸಾಲು. ಆ ಸಾಲನ್ನು ನಾನೂ ಮೊದಲ ಸಲ ನೋಡುತ್ತಿದ್ದೆ.

“ಇಂಜಿನಿಯರ್ರೇ, ಆ ಕೆಂಪಗೆ ಬರ್ದದ್ದು ಎಂತ?”

ಇಂಗ್ಲಿಷಿನಲ್ಲಿ ಕೇಳಿದ್ದರೆ ಹೇಗೋ ಹಾರಿಕೆಯ ಉತ್ತರ ಕೊಡಬಹುದಿತ್ತು. ಕನ್ನಡದಲ್ಲಿ ಕೇಳಿದ್ದರಿಂದ ಕನ್ನಡದಲ್ಲೇ ಹೇಳಬೇಕಾಯಿತು. ಚಿತ್ರದಲ್ಲಿ ಸ್ಟ್ಯಾಂಡಿನ ಒಂದು ಕಾಲು ಬುಡಕ್ಕೆ ಅಂಟಿಯೇ ಇಲ್ಲ, ಈ ಲೆಕ್ಕವನ್ನು ನಂಬಬೇಡಿ ಎಂದು ಅದರ ಅರ್ಥ. ಇನ್ನೊಬ್ಬರ ಕಾಲಿಗೆ ಕುತ್ತು ತರುತ್ತಿದ್ದೆನಲ್ಲ ಎಂದು ಹೆದರಿಕೆಯೂ ಆಯಿತು, ನಾಚಿಕೆಯೂ ಆಯಿತು. ಜಟ್ಟಪ್ಪಣ್ಣ ಬೈಯಲಿಲ್ಲ.

“ಸರಿ ಮಾಡಿ. ನಾ ಇಲ್ಲೇ ಕೂತಿರ್ತೆ,” ಎಂದರು.

ಸರಿ ಮಾಡಿ ಲೆಕ್ಕವನ್ನು ಮತ್ತೆ ನಡೆಸಿದಾಗ ಪರದೆಯ ಮೇಲೆ ಸ್ಟ್ಯಾಂಡು ಬಗ್ಗಿತು. ಇನ್ನಷ್ಟು ದಪ್ಪದ ತಗಡು ಹಾಕಿದ ಮೇಲೆ ನಿಂತಿತು. ಆ ಕೆಂಪು ಸಾಲು ಕಣ್ಣಿಗೆ ಬಿದ್ದದ್ದು ವೀಣಕ್ಕನ ಜೋಡಣೆಯಿಂದ ಎಂದು ಜಟ್ಟಪ್ಪಣ್ಣನಿಗೆ ನಾನೇ ಹೇಳಿದೆ. ಈಗ ಬೋಟು ಸಮುದ್ರಕ್ಕೆ ಹೋಗಿ ಬರುತ್ತಿದೆ, ಸ್ಟ್ಯಾಂಡು ಅಲುಗಾಡಿಲ್ಲ. ನಮ್ಮ ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ವೀಣಕ್ಕ ಬಹಳ ಜಾಣೆ ಎಂದು ಜಟ್ಟಪ್ಪಣ್ಣ ಬಂದರಿನಲ್ಲಿ ಕಂಡಕಂಡವರಿಗೆ ಹೇಳುತ್ತಿದ್ದಾರಂತೆ. ಅಲ್ಲಿ ಇನ್ನೊಬ್ಬ ಇಂಜಿನಿಯರ್ ಇದ್ದಾನಲ್ಲ ಎಂದು ಯಾರೋ ನನ್ನ ವಿಷಯ ಕೇಳಿದರೆ, ಕಂಪ್ಯೂಟರ್ ಬರೆದದ್ದನ್ನು ಅವರು ಓದಿ ಹೇಳುತ್ತಾರೆ ಎಂದರಂತೆ.