ಹಿರಿಯರ ಜಾಗದಲ್ಲೊಂದು ನಲ್ಲಿ

ಮನೆಯ ವಿನ್ಯಾಸ ಮಾಡುವವರಿಗೆ ತಲೆಯಲ್ಲಿ ಕನಿಷ್ಠ ಎರಡು ನೆರೆಗೂದಲಾದರೂ ಇರಬೇಕು ಎಂಬುದು ಜೋಲಾಮನ್‌ನ ಖಂಡಿತ ಅಭಿಪ್ರಾಯ. ಅವನ ಹೆಂಡತಿ ಕುಲ್ಯಾಶ್ ಮಾತ್ರ ಅಲ್ಮಾಟಿಯ ಅಷ್ಟೂ ಮಂದಿಯನ್ನು ಬಿಟ್ಟು, ಮೊನ್ನೆ ಮೊನ್ನೆ ಕಾಲೇಜಿನಿಂದ ಹೊರಬಿದ್ದ ಡಾನಾ ಎಂಬ ಹುಡುಗಿಯ ಸ್ಟುಡಿಯೋಗೆ ಫ್ಲ್ಯಾಟನ್ನು ಒಪ್ಪಿಸಿಬಿಟ್ಟಿದ್ದಳು. ಗೋಡೆಗಳು ಉರುಳಿದವು. ಕೆಂಪು ರತ್ನಗಂಬಳಿ ಗೋಡೆಯಿಂದಿಳಿದು ಮಂಚದಡಿಗೆ ಅಜ್ಞಾತವಾಸಕ್ಕೆ ಹೋಯಿತು. ಅದನ್ನೂ ಅವನು ಸಹಿಸಿದ. (ಸಹಿಸಿದ ಎಂದರೆ, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಬೈದ.)

ಆದರೆ ಊಟದ ಮೇಜು? ಬಾಗಿಲಿಗೆ ಅತಿ ದೂರದ ಜಾಗಕ್ಕೆ ತೋರ್ ಎಂದು ಹೆಸರು, ಅದು ಹಿರಿಯ ಅತಿಥಿಯದು. ಬಾಗಿಲ ಪಕ್ಕ ಕೂತು ಚಹಾ ಬಗ್ಗಿಸುವುದು ಮನೆಯ ಹೆಂಗಸು. ಸೃಷ್ಟಿ ಶುರುವಾದಾಗಿನಿಂದ ಹೀಗೇ! ಈ ಹುಡುಗಿ ಕುದಿನೀರಿನ ನಲ್ಲಿಯನ್ನು ಒಯ್ದು ಸಾಕ್ಷಾತ್ ತೋರ್‌ನಲ್ಲೇ, ಕಿಟಕಿಯ ಕೆಳಗೆ ನೆಟ್ಟಿದ್ದಳು.

"ಚಹಾ ಬಗ್ಗಿಸೋರಿಗೂ ಬೆಟ್ಟ ಕಾಣ್ಬೇಡ್ವಾ ಅಂಕಲ್?"

"ಬೆಟ್ಟ ಎಲ್ಲಿಗಮ್ಮ ಓಡ್ಹೋಗತ್ತೆ? ನಾಳೆ ಬೀಗರು ನನ್ನ ಮಗಳನ್ನ ಕೇಳೋಕೆ ಬರ್ತಿದಾರೆ, ನನ್ನ ಮಾನ ಓಡ್ಹೋಗತ್ತೆ!"

"ಮದುವೆಯಾದಾಗಿಂದ ಬಾಗಿಲ ಬೂಟಿನ ರಾಶಿ ನೋಡ್ಕೊಂಡೇ ಚಹಾ ಬಗ್ಸಿದೀನಿ. ಇನ್ನಾಗಲ್ಲ," ಎಂದಳು ಕುಲ್ಯಾಶ್.

ಮರುದಿನ ಹುಡುಗ, ಅವನ ತಾಯಿ ಮತ್ತು ಅಜ್ಜ ಓಸ್ಪಾನ್ ಬಂದರು. ಕುಲ್ಯಾಶ್ ನಲ್ಲಿಯತ್ತ ಹೊರಟದ್ದೇ ತಡ, ಜೋಲಾಮನ್ ಅವಳನ್ನು ಕಣ್ಣಲ್ಲೇ ಸುಟ್ಟು, ಅಜ್ಜನ ಮೊಣಕೈ ಹಿಡಿದು ತೋರ್‌ನಲ್ಲಿ ಪ್ರತಿಷ್ಠಾಪಿಸಿದ. ಮಗಳೂ ಸೇರಿ ಉಳಿದವರು ಗೋಡೆಗಂಟಿದ ಬೆಂಚು ತುಂಬಿದರು. ತಾನು ವಿನಯದಿಂದ ಬಾಗಿಲ ಪಕ್ಕ ಕೂತ.

ಮಾಂಸ ಮುಗಿದು ಚಹಾದ ಹೊತ್ತಾಯಿತು. ಅಜ್ಜನ ತೊಡೆ ಹತ್ತದೆ ನಲ್ಲಿ ಮುಟ್ಟುವುದು ಯಾರಿಂದಲೂ ಸಾಧ್ಯವಿರಲಿಲ್ಲ! ಸಂಬಂಧ ಮುರಿದೇ ಹೋಯಿತೆಂದು ಜೋಲಾಮನ್ ಬೆವರಿದ, ಸ್ಟುಡಿಯೋದ ವಂಶವನ್ನೇ ಮನಸ್ಸಿನಲ್ಲಿ ಶಪಿಸಿದ.

ಅಜ್ಜ ತಾನೇ ನಲ್ಲಿ ತಿರುಗಿಸಿದ. "ಮನೇಲಿ ಸೊಸೆ ಕೊಡೋದು ಬರೀ ಬಣ್ಣದ ನೀರು. ಇವತ್ತು ಅಧಿಕಾರ ನನ್ನ ಕೈಲಿ! ಬೀಗರೇ, ಬಾಗಿಲ ಹತ್ರ ಇರೋರು ತಾನೆ ಬಟ್ಟಲು ಹಂಚೋದು? ಏಳಿ!"

ಜೋಲಾಮನ್ ಎದ್ದ. ಮರ್ಯಾದೆಗೆಂದು ಅರ್ಧರ್ಧವೇ ತುಂಬುವ, ಬೇಗ ಬರಿದಾಗುವ ಬಟ್ಟಲುಗಳು, ಅಜ್ಜ ಬಗ್ಗಿಸಿದಷ್ಟೂ ಅವನಿಗೆ ಪ್ರದಕ್ಷಿಣೆ.

"ನಿಮ್ಮ ಹುಡುಗಿ ನಮಗೆ ಒಪ್ಪಿಗೆ," ಎಂದ ಅಜ್ಜ ಗಟ್ಟಿ ಚಹಾ ಹೀರುತ್ತಾ. "ಎಂಥಾ ಏರ್ಪಾಡು! ಯಾರ ತಲೆ ಇದು?"

"ನಂದೇ!" ಎಂದುಬಿಟ್ಟ ಜೋಲಾಮನ್, ನಾಚಿಕೆಯಿಲ್ಲದೆ.

"ಅಂದ್ರೆ ದಿನಾ ಹೀಗೆ ಹೆಂಡ್ತಿ ಕೂತು ಬಗ್ಗಿಸ್ತಾಳೆ, ನೀವು ಹಂಚ್ತೀರಿ! ಕೇಳಿಸ್ಕೊಂಡ್ಯೇನೋ ಹುಡುಗ, ಮಾವನ್ನ ನೋಡಿ ಕಲಿ."

ಜೋಲಾಮನ್ ಇಲ್ಲವೆನ್ನಲು ಬಾಯಿ ತೆರೆದ.

"ಹೂಂ, ದಿನಾ ಅವ್ರೇ," ಎಂದಳು ಕುಲ್ಯಾಶ್, ಖಾಲಿ ಬಟ್ಟಲನ್ನು ಅವನ ಕಡೆ ಚಾಚುತ್ತಾ. "ನಂಗೆ ಸ್ವಲ್ಪ ಹಾಲು ಜಾಸ್ತಿ."