ಇಟಲಿಯಿಂದ ಬಂದ ಕೈಗಳು

ನಮ್ಮ ಕಾಕಾನ ಎರಡೂ ಕೈ ಹಿಡಿದುಕೊಂಡರೆ ಅವನ ಬಾಯಿ ತಾನಾಗಿ ಮುಚ್ಚುತ್ತದೆ ಎಂದರೆ ನೀವು ನಗುತ್ತೀರಿ. ನಗಿರಿ! ಅವನ ಜೊತೆ ಒಂದೇ ಮನೆಯಲ್ಲಿ ಬದುಕಿದವನು ನಾನು, ನೀವಲ್ಲವಲ್ಲ. ನಮ್ಮೂರು ಮೊರಬದಲ್ಲಿ ಕರೆಂಟು ಹೋದರೆ ಉಳಿದವರ ಮನೆಯಲ್ಲಿ ದೀಪ ಆರುತ್ತಿತ್ತು. ನಮ್ಮ ಮನೆಯಲ್ಲಿ ಕಾಕಾನ ಮಾತೂ ಆರುತ್ತಿತ್ತು. ಅರ್ಧಕ್ಕೆ ನಿಂತ ವಾಕ್ಯ ಕಂದೀಲು ಬಂದ ಮೇಲೆಯೇ ಮುಂದುವರಿಯುವುದು. ಕೈ ಕಾಣದ ಮೇಲೆ ಮಾತಾಡಿ ಏನು ಉಪಯೋಗ?

ಈ ರೋಗ ಅಂಟಿದ್ದು ಇಟಲಿಯಲ್ಲಿ. ದೊಡ್ಡ ಯುದ್ಧದ ಕಾಲಕ್ಕೆ ಕಾಕಾ ಸಿಪಾಯಿಯಾಗಿ ಅಲ್ಲಿಗೆ ಹೋಗಿದ್ದ. ಭಾಷೆ ತಿಳಿಯದ ಊರಿನಲ್ಲಿ ರೊಟ್ಟಿ, ಬೆಂಕಿಪೊಟ್ಟಣ ಕೇಳಲು ಕೈ ಆಡಿಸುವುದನ್ನು ಕಲಿತ. ಅಲ್ಲಿಯ ಜನರೂ ಬಾಯಿ ತೆರೆಯುವ ಮೊದಲು ಕೈ ಎತ್ತುವವರಂತೆ. ಉಳಿದ ಸಿಪಾಯಿಗಳು ಬಿಲ್ಲೆ, ಗಡಿಯಾರ, ಕಂಬಳಿ ತಂದರು. ಇವನು ಆ ಕೈಗಳನ್ನು ತಂದ. ಮುಂದೆ ಊರಿಗೆ ಟಿ.ವಿ. ಬಂದು, ನಾನು ಮಾಸ್ತರನಾಗಿ ಮದುವೆಗೆ ನಿಂತ ಕಾಲಕ್ಕೂ ಅವು ಇನ್ನೂ ಇಟಲಿಯಲ್ಲೇ ಇದ್ದವು!

ಒಮ್ಮೆ ಅಕ್ಕನ ಬೀಗರು ಬಂದು, ವಾರವೆಲ್ಲ ಉಂಡು, ಕೊನೆಗೂ ಬಸ್ಸು ಹತ್ತಿದರು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ನೆಮ್ಮದಿಯ ಉಸಿರು ಬಿಟ್ಟಳು. ಆಗಲೇ ಕಾಕಾ ಅಂಗೈಯನ್ನು ತನ್ನ ಕಡೆ ತಿರುಗಿಸಿ ಬೆರಳು ಮಡಚಿ ಬಿಡಿಸಿದ. ಇಟಲಿಯಲ್ಲಿ ಅದು ‘ಹೋಗಿ ಬನ್ನಿ’. ಮೊರಬದಲ್ಲಿ ಅದು ‘ಬಾ ಇಲ್ಲಿ’! ಬೀಗರು ಏನೋ ಮರೆತೆವೆಂದು ಗಂಟು, ಮೂಟೆ, ಮಕ್ಕಳ ಸಮೇತ ಇಳಿದರು. ಬಸ್ಸು ಹೋಯಿತು.

“ಯಾಕ್ರಿ ಕರದ್ರಿ?” ಎಂದರು ಬೀಗರು.

“ನಾ ಎಲ್ಲಿ ಕರದ್ನಿ? ಹೋಗ್ರಿ ಅಂದ್ನಿ!”

ಬೀಗರ ಮುಖ ಕಪ್ಪಾಯಿತು. ಅವರನ್ನು ಸಮಾಧಾನ ಮಾಡಲು ಚಿಗವ್ವ ಮತ್ತೆ ಹೋಳಿಗೆಗೆ ಬೇಳೆ ಇಟ್ಟಳು. “ನಿಮ್ಮ ಕೈಗೆ ಹಗ್ಗಾ ಕಟ್ಟಿ ಕೊಟ್ಟಿಗ್ಯಾಗ ಬಿಡಬೇಕ್ರಿ” ಎನ್ನುತ್ತಲೇ ಹೂರಣ ರುಬ್ಬಿದಳು.

ನಾನು ಹತಾಶನಾದದ್ದು ಅಣ್ಣಿಗೇರಿಯಲ್ಲಿ. ತಂದೆತಾಯಿ ಇಲ್ಲದ ನನ್ನನ್ನೂ ಅಕ್ಕನನ್ನೂ ಸಾಕಿದವರು ಇವರೇ. ಹಾಗಾಗಿ ಕನ್ಯೆ ನೋಡಲು ಹಿರಿಯನೆಂದು ಕಾಕಾನೇ ಬಂದ. ಹುಡುಗಿ ಶಿರಾ ತಂದಿಟ್ಟಳು. ನನಗೆ ಮೆಚ್ಚಿಗೆಯಾದಳು. ಕಾಕಾನಿಗೆ ಶಿರಾ ಮೆಚ್ಚಿಗೆಯಾಯಿತು. ತೋರುಬೆರಳನ್ನು ಕೆನ್ನೆಗೆ ಚುಚ್ಚಿ ತಿರುವಿದ. ಬಹಳ ರುಚಿ ಎಂದು ಅರ್ಥವಂತೆ. ಆ ಹುಡುಗಿಯ ಕೆನ್ನೆಯ ಮೇಲೆ, ಸರಿಯಾಗಿ ಅದೇ ಜಾಗದಲ್ಲಿ, ಒಂದು ಕರಿ ಮಚ್ಚೆ ಇರಬೇಕೇ! ಅವಳು ಸೆರಗು ಮುಖಕ್ಕೆ ಒತ್ತಿಕೊಂಡು ಒಳಗೆ ಓಡಿದಳು.

“ಮಚ್ಚಿ ಐತಿ ಅಂತ ಮೊದಲ ಹೇಳಿದ್ವಿಲ್ರಿ? ಎದುರಿಗೆ ಕುಂತು ಬಟ್ಟು ಮಾಡಿ ತೋರಸೂದೇನ್ರಿ?” ಎಂದು ಅವಳ ಅಪ್ಪ ಎದ್ದು ನಿಂತ.

ಕಾಕಾ ಗಾಬರಿಯಾಗಿ ಐದೂ ಬೆರಳು ಕೂಡಿಸಿ ಅಲ್ಲಾಡಿಸಿದ. ‘ಏನು ಹೇಳುತ್ತಿದ್ದೀರಿ ನೀವು?’ ಎಂದು ಕೇಳುವ ಇಟಲಿಯ ರೀತಿ ಅದು. ಹುಡುಗಿಯ ಅವ್ವ ಇನ್ನೂ ಉಣ್ಣಲು ಬೇಕೆಂದುಕೊಂಡು ಮತ್ತೊಂದು ಸೌಟು ಶಿರಾ ಹಾಕಿದಳು. ನನ್ನ ಸಂಬಂಧ ಮುರಿಯುತ್ತಿದ್ದಾಗ ನಮ್ಮ ಹಿರಿಯ ಎರಡನೆಯ ಸಲ ಶಿರಾ ತಿನ್ನುತ್ತಿದ್ದ!

ಅದಾದ ಚಳಿಗಾಲದಲ್ಲಿ ಚಿಗವ್ವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಗಂಟಿನ ಜೊತೆ ಧ್ವನಿಯೂ ಹೋಯಿತು. ಡಾಕ್ಟರು ನನ್ನನ್ನು ಬಾಜೂಕ್ಕೆ ಕರೆದು, ಮಾತು ತಿರುಗಿ ಬರುವುದಿಲ್ಲ, ಜೀವದ ಬಗ್ಗೆಯೂ ಈಗಲೇ ಏನೂ ಹೇಳಲಾಗದು ಎಂದರು. ನಾನು ಕಾಕಾನಿಗೆ ಮೊದಲನೆಯದನ್ನಷ್ಟೇ ಹೇಳಿದೆ. ಅವನು ನನ್ನ ಮುಖ ನೋಡಿ ಎರಡನೆಯದನ್ನು ತಿಳಿದುಕೊಂಡ.

ಹೆಂಗಸರ ವಾರ್ಡು ಮಾಳಿಗೆಯ ಮೇಲೆ. ಗಂಡಸರಿಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವ ಹಾಗಿರಲಿಲ್ಲ. ಕಾಕಾ ಅಂಗಳದಲ್ಲಿ ನಿಂತು ಮೇಲೆ ಚಿಗವ್ವನ ಹಾಸಿಗೆ ಬದಿಯ ಕಿಟಕಿಗೆ ಕೈಮಾತು ಸುರು ಮಾಡಿದ. ಎಮ್ಮೆ ಈದದ್ದು, ಕರು ಎಡವಿ ಎಡವಿ ನಿಂತದ್ದು, ಜೋಳ ತೆನೆ ಬಿಟ್ಟದ್ದು, ಎಲ್ಲ! ಉಳಿದ ರೋಗಿಗಳು ಕಿಟಕಿಗೆ ಬಂದು ನಕ್ಕರು. “ಯಜಮಾನ್ರ, ಇದು ದವಾಖಾನಿ, ನಾಟಕದ ಕಂಪನಿ ಅಲ್ರಿ” ಎಂದು ಕಾವಲುಗಾರ ಗದರಿದ. ಚಿಗವ್ವ ಮಾತ್ರ ನಗಲಿಲ್ಲ. ಸುಮ್ಮನೆ ನೋಡುವಳು, ಆಮೇಲೆ ಗೋಡೆಯ ಕಡೆ ತಿರುಗುವಳು.

ದಿನಗಳು ಹಾಗೇ ಹೋದವು. ಒಂದು ಸಂಜೆ ಕಾಕಾನ ಕೈ ಅರ್ಧಕ್ಕೇ ಕೆಳಗಿಳಿಯಿತು. ಬೆಳಕು ಇನ್ನೂ ಇತ್ತು.

“ಆಕಿಗೆ ನಂದು ತಿಳೀವಲ್ದಲೇ” ಎಂದ. “ಇನ್ನ ಏನ ಹೇಳಿದ್ರ ಏನೈತಿ?”

ಅವನ ತೋಳು ಹಿಡಿದು ಹೊರಡಿಸುವಾಗ ಮೇಲೆ ನೋಡಿದೆ. ಚಿಗವ್ವ ಕಿಟಕಿಯ ಸರಳು ಹಿಡಿದು ಎದ್ದು ನಿಂತಿದ್ದಳು. ಇನ್ನೊಂದು ಕೈ ನಿಧಾನವಾಗಿ ಕುತ್ತಿಗೆಗೆ ಹೋಯಿತು. ಗಾಯದ ಪಟ್ಟಿಯಿಂದ ತುಸು ಕೆಳಗೆ ಬೆರಳುಗಳು ಹಿಂದೆಮುಂದೆ ಆಡಿದವು.

ನಾನು ಮೆಟ್ಟಿಲಿನ ಕಡೆ ತಿರುಗಿದೆ. “ಕಾಕಾ, ನೋವು ಭಾಳ ಆಗಾಕತ್ತೈತಿ. ನರ್ಸ್‌ಗೆ ಹೇಳಿ ಬರ್ತೇನಿ.”

ಕಾಕಾ ಅಲುಗಾಡಲಿಲ್ಲ. ಅವನ ಕೈ ತನ್ನ ಅಂಗಿಯ ಕೊರಳಿಗೆ ಹೋಯಿತು. ಮೇಲಿನ ಗುಂಡಿಯನ್ನು ತಡವರಿಸಿ ಹಾಕಿಕೊಂಡ.

“ನೋವು ಅಂದಿಲ್ಲಲೇ ಆಕಿ” ಎಂದ. “ಥಂಡಿ ಐತಿ, ಗುಂಡಿ ಹಾಕ್ಕೊಳ್ರಿ ಅಂದ್ಳು.”