ಚೆಕಿಂಗ್ ಸೆಕ್ಷನ್ನಿನ ನಮ್ಮಪ್ಪ

ನಮ್ಮ ಮನ್ಯಾಗ ನಗಿ ಬರೋ ಪ್ರಸಂಗ ನಡೀತಾನೇ ಇರ್ತಾವು. ಅಪ್ಪ ಇರೋತನಕ ವಾರಕ್ಕೊಂದರೆ ಆಗ್ತಿತ್ತು. ಈಗ ಅಂವ ಇಲ್ಲ, ಆದ್ರೂ ಅವನ ಪ್ರಸಂಗ ನಿಂತಿಲ್ಲ. ಯಾರರೆ ಬಂದು ಇನ್ನೊಂದು ಹೇಳಿ ನಗಿಸಿ ಹೋಗ್ತಾರ.

ಅಪ್ಪ ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು, ಜೀಡಿಮೆಟ್ಲಾದ ಒಂದು ಗುಳಿಗಿ ಫ್ಯಾಕ್ಟರಿಯಾಗ ಚೆಕಿಂಗ್ ಸೆಕ್ಷನ್ ಸೇರಿದಾವ. ಮೂವತ್ತು ವರ್ಷ ಗುಳಿಗಿ ನೋಡಿ ನೋಡಿ, ಮನಿ ಮಂದೀನೂ ಹಂಗೇ ನೋಡಾಕ ಕಲಿತಿದ್ದ. ನಗಸಾಕಂತಾನೇ ಬರ್ಯಾಕ ಕುಂತೀನಿ ಖರೆ. ಆದ್ರ ಅಪ್ಪನ ವಿಷಯದಾಗ ನಾ ಒಂದು ತಪ್ಪು ಮಾಡೀನಿ, ಅವನ ಮುಂದ ಒಪ್ಪಿಕೊಳ್ಳಲೇ ಇಲ್ಲ. ಅದನ್ನೂ ಹೇಳಿಬಿಡ್ತೀನಿ.

ಅವ್ವನ ಉಪ್ಪಿನಕಾಯಿ

ಗುಳಿಗಿ ಫ್ಯಾಕ್ಟರಿಯಾಗ ಒಂದು ಪದ್ಧತಿ ಐತಿ. ಪ್ರತಿ ಸಲ ತಯಾರಾದ ಮಾಲಿನಾಗೂ ಒಂದಿಷ್ಟು ಸ್ಯಾಂಪಲ್ ತಗದು ಕಪಾಟಿನಾಗ ಇಡ್ತಾರ. ಮುಂದ ಯಾರರೆ ತಕರಾರು ತಂದ್ರ ಅದನ್ನ ತಗದು ಪರೀಕ್ಷಾ ಮಾಡೋದು. ಅಪ್ಪ ಈ ಪದ್ಧತಿ ಮನಿಗೂ ತಂದ. ಅವ್ವ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ರ ಒಂದು ಸಣ್ಣ ಬಾಟ್ಲಿ ಅಪ್ಪನ ಕಪಾಟಿಗೆ. ಮ್ಯಾಲೊಂದು ಚೀಟಿ: ಹಾಕಿದ ತಾರೀಖು, ಕೆಡೋ ತಾರೀಖು, ತಯಾರಿಸಿದಾಕಿ ಅವ್ವ, ಪರೀಕ್ಷಿಸಿದಾವ ಅಪ್ಪ.

ಒಂದ್ಸಲ ಬಾಜೂ ಮನಿಯಾಕಿ ಬಂದು, "ಹೋದ ವರ್ಷದ್ದು ಇದಕ್ಕಿಂತ ಚೊಲೋ ಇತ್ತು ನೋಡ್ರಿ" ಅಂದ್ಲು. ಅಪ್ಪ ತಡಾ ಮಾಡಲಿಲ್ಲ. ಹೋದ ವರ್ಷದ ಬಾಟ್ಲಿ ತಗದ, ಎರಡು ಚಮಚಾದಾಗ ಎರಡೂ ಥರದ್ದು ಹಾಕಿ ಮುಂದಿಟ್ಟ. ಆಕಿ ಎರಡೂ ನೆಕ್ಕಿ, "ಇದೇ ನೋಡ್ರಿ, ಹೋದ ವರ್ಷದ್ದು!" ಅಂತ ಬರೋಬ್ಬರಿ ಹಿಡದ್ಲು. ಅಪ್ಪಗ ಖುಷಿಯೋ ಖುಷಿ, ಪದ್ಧತಿ ಪಾಸಾತಂತ. ಅವ್ವನ ಮಾರಿ ನೋಡಲೇ ಇಲ್ಲ.

ಅವ್ವ ನಾಕು ದಿನ ಮಾತು ಬಿಟ್ಲು. ಐದನೇ ದಿನ ಅಪ್ಪ ಬಾಜೂ ಮನಿಯಾಕೀನ ಮತ್ತ ಕರದ, ಮತ್ತ ಪರೀಕ್ಷಾ. ಈ ಸಲ ಆಕಿ, "ಅಯ್ಯ, ಎರಡೂ ಒಂದೇ ಥರಾ ಅದಾವಲ್ರಿ" ಅಂದ್ಲು. ಅವ್ವ ಗೆದ್ದು ಒಳಗ ಹೋಗಿ ಚಹಾ ಇಟ್ಲು.

"ಇದು ಹ್ಯಾಂಗಪ್ಪಾ?" ಅಂತ ಮೆಲ್ಲಕ ಕೇಳಿದೆ.

"ಎರಡಕ್ಕೂ ಈ ವರ್ಷದ್ದೇ ಹಾಕಿದ್ದೆ. ಮೂವತ್ತು ವರ್ಷದ ಸರ್ವೀಸಿನಾಗ ಖೋಟಾ ಸ್ಯಾಂಪಲ್ ಇಟ್ಟಿದ್ದು ಇದೊಂದೇ. ಫ್ಯಾಕ್ಟರಿಯವರು ಮಾತು ಬಿಟ್ರ ನಡೀತೈತಿ ಮಗಳ, ನಿಮ್ಮವ್ವ ಬಿಟ್ರ ಹ್ಯಾಂಗ?"

ಎರಡು ಹನಿ

ಮಾದಾಪುರದಾಗ ದಿನಕ್ಕೊಂದು ಕಂಪ್ಯೂಟರ್ ಕಂಪನಿ ಹುಟ್ಟೋ ಕಾಲ ಅದು. ನಂದೂ ಅಲ್ಲೇ ನೌಕರಿ, ರವಿವಾರನೂ ಆಫೀಸು. ಹಿಂಗಾಗಿ ನನ್ನ ಮಗಳಿಗೆ ಪೋಲಿಯೋ ಹನಿ ಹಾಕಿಸಾಕ ಅಪ್ಪನೇ ಎತ್ತಿಕೊಂಡು ಹೋದ. ಹೋದಾವ ಸುಮ್ಮನ ಹಾಕಿಸಿಕೊಂಡು ಬರಬೇಕಿಲ್ಲೋ? ಚಷ್ಮಾ ಏರಿಸಿ, "ಆ ಬಾಟ್ಲಿ ಜರಾ ಕೊಡ್ರಿ" ಅಂದ. ನಂಬರ್ ಓದಿದ, ತಾರೀಖು ಓದಿದ, ಬೆಳಕಿಗೆ ಹಿಡದು ಅಲ್ಲಾಡಿಸಿದ. ಹಿಂದ ಸಾಲು ರಸ್ತಾಕ್ಕ ಮುಟ್ಟಿತು.

ನರ್ಸಮ್ಮ ತೆಲುಗಿನಾಗ, "ತಾತಾ, ಹನಿ ಪಾಪಾಗೋ, ನಿನಗೋ?" ಅಂದ್ಲು.

"ನನಗಾದ್ರ ನೋಡದೇ ಕುಡೀತೀನಮ್ಮಾ. ಇದು ಆಕೀಗೆ ಐತಿ" ಅಂದ ಅಪ್ಪ.

ಅಜ್ಜನ ಕೈಯಾಗ ಬೆಳೆದ ಹುಡುಗಿ ಬ್ಯಾರೆ ಹ್ಯಾಂಗಾಗತಾಳ? ಮೂರು ತುಂಬಿದಾಗ ನನ್ನ ಅತ್ತಿ ಮನಿಗೆ ಹೋಗಿದ್ವಿ. ಅತ್ತಿ ಪ್ರೀತಿಲೆ ಲಾಡು ಕೊಟ್ಲು. ಇಕಿ ತಿರುಗಿಸಿ ನೋಡಿ, "ಯಾವತ್ತು ಮಾಡಿದ್ದು?" ಅಂದ್ಲು.

"ನಿನ್ನೆ ಮಾಡೀನಿ, ಬಂಗಾರಾ."

"ಚೆಕ್ ಮಾಡಿದವರು ಯಾರು?"

ಎಲ್ಲಾರೂ ಬಿದ್ದು ಬಿದ್ದು ನಕ್ರು. ಇದನ್ನೂ ನಾ ಕಣ್ಣಿಲೆ ನೋಡಲಿಲ್ಲ, ಫೋನ್ ಹಿಡಕೊಂಡು ಹೊರಗ ನಿಂತಿದ್ದೆ. ಆಕಿ ಮೊದಲ ಮಾತು, ಮೊದಲ ಹೆಜ್ಜಿ, ಎಲ್ಲಾ ಅಪ್ಪ ಫೋನಿನಾಗ ಹೇಳಿದ್ದು. ಅದನ್ನೂ ಪೂರಾ ಕೇಳದೇ "ಆಮ್ಯಾಲ ಮಾಡ್ತೀನಪ್ಪಾ" ಅಂತ ಇಡ್ತಿದ್ದೆ.

ಒಂದು "ಹ್ಞೂಂ"

ರಿಟೈರ್ ಆದ ಮ್ಯಾಲ ಅಪ್ಪಗ ಚೆಕ್ ಮಾಡಾಕ ನನ್ನ ಊಟ ಒಂದೇ ಉಳೀತು. ಆಗಷ್ಟೇ ನಾ ಕಂಪನಿ ಬದಲಿಸಿದ್ದೆ. ಕ್ಯಾಂಟೀನಿನ ಕೂಳು ನನಗ ಒಗ್ಗಂಗಿಲ್ಲ ಅಂತ ಅಪ್ಪನೇ ತೀರ್ಮಾನ ಮಾಡಿ, ಅವ್ವ ಬಡದ ಬಿಸಿ ಜ್ವಾಳದ ರೊಟ್ಟಿ ಡಬ್ಬಿ ಹಿಡಕೊಂಡು, ಎರಡು ಬಸ್ ಬದಲಿಸಿ ಗೇಟಿಗೆ ಬಂದ. ಮೈಮ್ಯಾಲ ಫ್ಯಾಕ್ಟರಿಯ ಹಳೇ ಖಾಕಿ ಅಂಗಿ.

ಹೊಸಾ ಆಫೀಸು, ಸುತ್ತ ಫಟಫಟ ಇಂಗ್ಲಿಷ್ ಮಾತಾಡೋ ಮಂದಿ. ಬಾಜೂ ಕುರ್ಚಿ ಗೆಳತಿ ಕಿಡಕ್ಯಾಗಿಂದ ನೋಡಿ, "ಯಾರು, ಟಿಫಿನ್ ಸರ್ವೀಸಾ?" ಅಂದ್ಲು.

ನಾ "ಹ್ಞೂಂ" ಅಂದೆ.

ಅಷ್ಟೇ. ಅದೇ ನನ್ನ ತಪ್ಪು.

ಮೂರನೇ ದಿನ ಗೆಳತಿ, "ನಮಗೂ ಆ ರೊಟ್ಟಿ ಬೇಕು" ಅಂದ್ಲು. ಮನ್ಯಾಗ ಹೇಳಿದೆ. ಅಪ್ಪ ಅಷ್ಟು ಹಿಗ್ಗಿದ್ದು ನಾ ಹಿಂದ ನೋಡಿರಲಿಲ್ಲ. ಗೆಳತಿ, ಮ್ಯಾನೇಜರ್ ಸಾಹೇಬ್ರು, ಇನ್ನೂ ಮೂರು ಮಂದಿ ಸೇರಿ ಒಂದು ಡಬ್ಬಿ ಆರಾದ್ವು. ತಿಂಗಳಿಗೆ ಎಷ್ಟು ಅಂತ ಕೇಳಿದ್ರ, "ಮೊದಲ ತಿಂಗಳು ಸ್ಯಾಂಪಲ್" ಅಂದನಂತ. ಆ ಮೊದಲ ತಿಂಗಳು ಎರಡು ವರ್ಷ ನಡೀತು.

ಸಂಜೀಗೆ ಖಾಲಿ ಡಬ್ಬಿ ಪರೀಕ್ಷಾ. "ಮೂರನೇ ಡಬ್ಬ್ಯಾಗ ಪುಂಡಿ ಪಲ್ಯ ಉಳದೈತಿ, ಯಾಕ?" ಮರುದಿನ ಡಬ್ಬಿ ಜೋಡಿ ಒಂದು ಚೀಟಿ: ಉಪ್ಪು ಹ್ಯಾಂಗೈತಿ, ಖಾರ ಹ್ಯಾಂಗೈತಿ, ಹೊಟ್ಟಿ ಹ್ಯಾಂಗೈತಿ. ನಮ್ಮ ಮ್ಯಾನೇಜರ್ ಸಾಹೇಬ್ರು ಮೀಟಿಂಗ್ ನಿಲ್ಲಿಸಿ ಅದನ್ನ ತುಂಬಿದ್ರು!

ದಿನಾ ಅನ್ಕೊಂತಿದ್ದೆ, ಇವತ್ತು ಹೇಳಿಬಿಡಬೇಕು, ಅಂವ ನಮ್ಮಪ್ಪ ಅಂತ. ತಡಾ ಆದಷ್ಟೂ ನಾಚಿಕಿ ಹೆಚ್ಚಾತು. ಆಫೀಸಿಗೆ ಮನಿ ಮಂದೀನ ಕರ್ಕೊಂಡು ಬರೋ ದಿನ ಬಂತು. "ನಾ ಬರ್ಲೇನು?" ಅಂದ ಅಪ್ಪ. "ನಿನಗ ಬ್ಯಾಸರಾಗತೈತಿ ಬಿಡಪ್ಪಾ" ಅಂದೆ. "ಹೌದು, ಅದೂ ಖರೆ" ಅಂದ. ಅವತ್ತೂ ಡಬ್ಬಿ ತಂದು ಗೇಟಿನಾಗ ಕೊಟ್ಟು ಹೋದ.

ಹದಿಮೂರು ದಿನ ಕಳೆದ ಮ್ಯಾಲ

ಒಂದು ಮುಂಜಾನೆ ಅವ್ವ ರೊಟ್ಟಿ ಬಡಿಯೂ ಹೊತ್ತಿನಾಗ, ಕುರ್ಚಿ ಮ್ಯಾಲ ಕುಂತಾವ ಅಪ್ಪ ಮತ್ತ ಏಳಲಿಲ್ಲ.

ಹದಿಮೂರು ದಿನದ ಕಾರ್ಯ ಮುಗಿಸಿ ಆಫೀಸಿಗೆ ಹೋದೆ. ನನ್ನ ಅಪ್ಪ ತೀರಿಕೊಂಡಿದ್ದು ಎಲ್ಲಾರಿಗೂ ಗೊತ್ತಿತ್ತು. ಆ ಅಪ್ಪ ಯಾರು ಅನ್ನೋದು ಗೊತ್ತಿಲ್ಲಂತ ನಾ ತಿಳಕೊಂಡಿದ್ದೆ. ಮಧ್ಯಾಹ್ನ ಐದೂ ಮಂದಿ ಟೇಬಲ್ಲಿಗೆ ಕೂತಾಗ ಎದ್ದು ನಿಂತೆ. "ಟಿಫಿನ್ ಅಂಕಲ್ ಇನ್ನ ಬರಂಗಿಲ್ಲ. ಅವರೇ ನಮ್ಮಪ್ಪ. ನಾ ಸುಳ್ಳು ಹೇಳಿದ್ದೆ."

"ಗೊತ್ತು" ಅಂದ್ಲು ಗೆಳತಿ.

"ಯಾವಾಗಿಂದ?"

"ಎರಡನೇ ದಿನದಿಂದ. ಕೆಳಗ ಹೋಗಿ, 'ಯಾವ ಮೆಸ್ಸು, ಅಂಕಲ್?' ಅಂತ ಕೇಳಿದೆ. 'ಮೆಸ್ಸಲ್ಲಮ್ಮಾ, ನಾ ಆಕಿ ಅಪ್ಪ' ಅಂದ್ರು. 'ಅಯ್ಯೋ, ಆಕಿ ಹಂಗ ಹೇಳಲಿಲ್ಲ' ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಚಷ್ಮಾ ತಗದು ಒರಿಸಿಕೊಂಡ್ರು. ಆಮ್ಯಾಲ, 'ಹಂಗಾದ್ರ ನೀವೂ ಡಬ್ಬಿ ಹೇಳ್ರಿ. ಒಂದೇ ಡಬ್ಬಿ ತಂದ್ರ ಟಿಫಿನ್ ಸರ್ವೀಸ್ ಅಂತ ಯಾರು ನಂಬ್ತಾರ? ನಿಮಗ ಗೊತ್ತೈತಿ ಅಂತ ಆಕೀಗೆ ಹೇಳಬ್ಯಾಡ್ರಿ, ನೊಂದುಕೊಂತಾಳ' ಅಂದ್ರು."

ನನ್ನ ಒಂದು ಹ್ಞೂಂ ಖರೆ ಮಾಡಾಕ ಅಪ್ಪ ಎರಡು ವರ್ಷ ಆರು ಡಬ್ಬಿ ಹೊತ್ತಿದ್ದ. ಅಳಬೇಕೋ ನಗಬೇಕೋ ತಿಳೀಲಿಲ್ಲ, ಎರಡೂ ಕೂಡೇ ಬಂದ್ವು.

ಮ್ಯಾನೇಜರ್ ಸಾಹೇಬ್ರು ಕಣ್ಣು ಒರಿಸಿಕೊಂತ ಅಂದ್ರು: "ಗೇಟಿನ ಹತ್ರ ನಾವು ಐದೂ ಮಂದಿ ಅವರನ್ನ ತೆಲುಗಿನಾಗ 'ನಾನ್ನಾ, ನಾನ್ನಾ' ಅಂತಿದ್ವಿ, ಅಪ್ಪಾ ಅಂತ. ಇಡೀ ಆಫೀಸಿನಾಗ ಅವರಿಗೆ ಅಪ್ಪಾ ಅನ್ನದಾಕಿ ನೀ ಒಬ್ಬಾಕೀನೇ ನೋಡಮ್ಮಾ!"